ದೀಪದಿಂದ ಹೊತ್ತಿದ ದೀಪ: ದಾದಿ ಮೇರಿ ಎಲೈಜಾ ಮಹೋನಿ

ಒಣಗಿದ ಕಟ್ಟಿಗೆಯಲ್ಲಿ ಉರಿಯುವ ಗುಣ ಸುಪ್ತವಾಗಿರುತ್ತದೆ. ಆದರೂ ಅದು ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆಗಲೇ ಉರಿಯುತ್ತಿರುವ ಬೆಂಕಿಯೊಂದು ಅದನ್ನು ಮುಟ್ಟಬೇಕು. ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲನು ಗುರುತಿಸಿದ ಈ ಸಂಗತಿಯನ್ನು ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ವಾದಗಳಿಗೆ ಆಧಾರವಾಗಿ ಬಳಸಿಕೊಂಡರು. ಅಡಗಿರುವ ಸಾಮರ್ಥ್ಯ ಪ್ರಕಟವಾಗಬೇಕಾದರೆ, ಅದನ್ನು ಆಗಲೇ ಪ್ರಕಟಗೊಳಿಸಿಕೊಂಡಿರುವ ಮತ್ತೊಂದರ ಸ್ಪರ್ಶ ಬೇಕು. ಬೆಂಕಿಯ ವಿಷಯದಲ್ಲಿ ನಿಜವಾದುದು ಮನುಷ್ಯರ ವಿಷಯದಲ್ಲಿಯೂ ನಿಜ. ಅಕ್ಷರ ಬಲ್ಲವರು ಅಕ್ಷರ ಕಲಿಸುತ್ತಾರೆ. ಈಜು ಬಲ್ಲವರು ಈಜು ಕಲಿಸುತ್ತಾರೆ. ರೋಗಿಯ ನಾಡಿ ಹಿಡಿದು ನೋಡಬಲ್ಲವರು ಕಿರಿಯರ ಬೆರಳನ್ನು ನಾಡಿಯ ಮೇಲಿರಿಸಿ ತೋರಿಸುತ್ತಾರೆ.

ಹಾಗಾದರೆ, ಒಂದು ಜನಾಂಗದಿಂದ ಒಂದು ವೃತ್ತಿಗೆ ಮೊತ್ತಮೊದಲು ಕಾಲಿಡುವವರ ಪಾಡೇನು? ಅವರ ಮುಂದೆ ಅವರಂತೆಯೇ ಇರುವ ಯಾರೂ ಇಲ್ಲ. ಅವರಿಗೆ ಬೆಂಕಿ ಎಲ್ಲಿಂದ ಬರಬೇಕು? ಹೊತ್ತಿಕೊಂಡ ಮೇಲೆ ಅವರು ಮಾಡಬೇಕಾದ ಕರ್ತವ್ಯವೇನು? ಈ ಎರಡು ಪ್ರಶ್ನೆಗಳಿಗೆ ಉತ್ತರದಂತಿರುವ ಜೀವನವೊಂದನ್ನು ಈ ವಾರ ಓದುಗರ ಮುಂದಿರಿಸಲು ಬಯಸುತ್ತೇನೆ. ಅಮೆರಿಕದಲ್ಲಿ ವಿಧ್ಯುಕ್ತ ತರಬೇತಿ ಪಡೆದು ಪದವಿ ಗಳಿಸಿದ ಕಪ್ಪು ಜನಾಂಗದ ಮೊದಲ ದಾದಿ ಮೇರಿ ಎಲೈಜಾ ಮಹೋನಿಯವರ ಬದುಕು ಅದು.

ಬಾಸ್ಟನ್ನಿನ ಬಾಲ್ಯ

ಮೇರಿ 1845ರಲ್ಲಿ ಮಸಾಚುಸೆಟ್ಸ್ ರಾಜ್ಯದ ಬಾಸ್ಟನ್ ನಗರಕ್ಕೆ ಹೊಂದಿಕೊಂಡಿದ್ದ ಡಾರ್ಚೆಸ್ಟರಿನಲ್ಲಿ ಜನಿಸಿದರು. ಅವರ ತಂದೆತಾಯಿ ದಕ್ಷಿಣದ ನಾರ್ತ್ ಕೆರೊಲಿನಾದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಪಡೆದು ಉತ್ತರಕ್ಕೆ ಬಂದವರು. ಆ ಕಾಲದಲ್ಲಿ ದೇಶದ ದಕ್ಷಿಣ ಭಾಗದಲ್ಲಿ ಮನುಷ್ಯರನ್ನು ಸಂತೆಯಲ್ಲಿ ಮಾರಲಾಗುತ್ತಿತ್ತು. ಗುಲಾಮಗಿರಿ ಇಡೀ ದೇಶದಲ್ಲಿ ರದ್ದಾದುದು 1865ರಲ್ಲಿ. ಆಗ ಮೇರಿಗೆ ಇಪ್ಪತ್ತು ವರ್ಷ.

ಉತ್ತರದಲ್ಲಿ ಸಂಕೋಲೆ ಇರಲಿಲ್ಲವಾದರೂ ಅಡ್ಡಗೋಡೆಗಳಿಗೆ ಕೊರತೆ ಇರಲಿಲ್ಲ. ಶಾಲೆಗಳಲ್ಲಿ ವರ್ಣಭೇದ ಮಾಡಬಾರದೆಂಬ ಕಾನೂನು ಮಸಾಚುಸೆಟ್ಸಿನಲ್ಲಿ ಬಂದುದು 1855ರಲ್ಲಿ. ಬಿಳಿಯರ ಮಕ್ಕಳೂ ಕಪ್ಪು ಮಕ್ಕಳೂ ಜೊತೆಯಾಗಿ ಕುಳಿತು ಕಲಿಯುತ್ತಿದ್ದ ಬಾಸ್ಟನ್ನಿನ ಮೊದಲ ಶಾಲೆಗಳಲ್ಲಿ ಒಂದಾದ ಫಿಲಿಪ್ಸ್ ಶಾಲೆಯಲ್ಲಿ ಮೇರಿ ಓದಿದರು. ದಾದಿಯಾಗಬೇಕೆಂಬ ಹಂಬಲ ಹರೆಯದಲ್ಲಿಯೇ ಅವರ ಮನಸ್ಸಿನಲ್ಲಿ ಮೂಡಿತ್ತು. ಆದರೆ ಆಗ ಅಮೆರಿಕದಲ್ಲಿ ದಾದಿಯರನ್ನು ತಯಾರು ಮಾಡುವ ಶಾಲೆಗಳೇ ಇನ್ನೂ ಹುಟ್ಟಿಕೊಂಡಿರಲಿಲ್ಲ.

ಮೇರಿ ಹುಟ್ಟಿದ ಮರುವರ್ಷ, 1846ರ ಅಕ್ಟೋಬರ್ 16ರಂದು, ಅದೇ ಬಾಸ್ಟನ್ ನಗರದ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ರೋಗಿಗೆ ಈಥರ್ ಎಂಬ ದ್ರವದ ಆವಿಯನ್ನು ಉಸಿರಾಡಿಸಿದರು. ಶಸ್ತ್ರವೈದ್ಯರು ನೋವಿಲ್ಲದೆ ಅವನ ಕುತ್ತಿಗೆಯ ಗಡ್ಡೆಯ ಚಿಕಿತ್ಸೆ ನಡೆಸಿದರು. ಅರಿವಳಿಕೆಯ ಯುಗ ಲೋಕದ ಕಣ್ಣೆದುರು ಆರಂಭವಾದುದು ಅಂದು. ಈ ಸಂಗತಿಗೂ ಮೇರಿಯ ಬದುಕಿಗೂ ಏನು ಸಂಬಂಧವೆಂಬುದನ್ನು ಮುಂದೆ ನೋಡೋಣ.

ಹದಿನೈದು ವರ್ಷಗಳ ಕಾಯುವಿಕೆ

1862ರಲ್ಲಿ ಬಾಸ್ಟನ್ನಿನಲ್ಲಿ ಹೊಸದೊಂದು ಆಸ್ಪತ್ರೆ ಆರಂಭವಾಯಿತು. ನ್ಯೂ ಇಂಗ್ಲೆಂಡ್ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಎಂದು ಅದರ ಹೆಸರು. ಅಲ್ಲಿನ ವೈದ್ಯರು ಸ್ತ್ರೀಯರು. ಅದನ್ನು ಸ್ಥಾಪಿಸಿದ ಡಾ. ಮೇರಿ ಜಕ್ಷೆವ್‌ಸ್ಕಾ ಬರ್ಲಿನ್ನಿನಲ್ಲಿ ಹುಟ್ಟಿದ, ಪೋಲೆಂಡ್ ಮೂಲದ ಮಹಿಳೆ. ಸೂಲಗಿತ್ತಿಯ ವಿದ್ಯೆ ಕಲಿತು 1853ರಲ್ಲಿ ಅಮೆರಿಕಕ್ಕೆ ಬಂದಾಗ ಅವರಿಗೆ ಆ ದೇಶದ ಭಾಷೆಯೂ ಬರುತ್ತಿರಲಿಲ್ಲ. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಸ್ತ್ರೀ ಡಾ. ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ಕೈಹಿಡಿದರು. ಇಂಗ್ಲಿಷ್ ಕಲಿಯಲು ನೆರವಾಗಿ, ಕ್ಲೀವ್‌ಲ್ಯಾಂಡಿನ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರಕಿಸಿಕೊಟ್ಟರು.

ಈ ಆಸ್ಪತ್ರೆಯಲ್ಲಿ 1872ರಲ್ಲಿ ದಾದಿಯರ ತರಬೇತಿ ಶಾಲೆಗೆ ಭದ್ರವಾದ ರೂಪ ಕೊಟ್ಟವರು ಡಾ. ಸೂಸನ್ ಡಿಮಾಕ್ ಎಂಬ ತರುಣ ವೈದ್ಯೆ. ಮೇರಿಯ ತಂದೆತಾಯಿ ಬಿಟ್ಟುಬಂದ ನಾರ್ತ್ ಕೆರೊಲಿನಾದಲ್ಲೇ ಅವರ ಜನನ. ಹಾರ್ವರ್ಡ್ ವಿಶ್ವವಿದ್ಯಾಲಯವು ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳದಿದ್ದಾಗ ಸ್ವಿಟ್ಜರ್‌ಲ್ಯಾಂಡಿನ ಜೂರಿಕ್‌ಗೆ ಹೋಗಿ ಪದವಿ ಪಡೆದು ಮರಳಿದ್ದರು. 1875ರಲ್ಲಿ ಹಡಗು ದುರಂತದಲ್ಲಿ ಅವರು ತೀರಿಕೊಂಡರೂ ಅವರು ಕಟ್ಟಿದ ಶಾಲೆ ಉಳಿಯಿತು.

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೇರಿ ಮಹೋನಿಗೆ ಮುಂಚೆ ಕಪ್ಪು ಜನಾಂಗದ ಪದವೀಧರ ದಾದಿ ಯಾರೂ ಇರಲಿಲ್ಲ. ಆದರೆ ಮುಚ್ಚಿದ ಬಾಗಿಲುಗಳ ಮುಂದೆ ತಾವೇ ನಿಂತು ಬಂದಿದ್ದ ಸ್ತ್ರೀಯರು ಇದ್ದರು. ಅವರು ತೆರೆದ ಬಾಗಿಲಿನಿಂದಲೇ ಮೇರಿ ಒಳಗೆ ಬಂದರು.

ಹಾಗೆಂದು ಆ ಬಾಗಿಲು ಸುಲಭವಾಗಿ ತೆರೆಯಿತೆಂದು ತಿಳಿಯಬಾರದು. ಮೇರಿ ಸುಮಾರು ಹದಿನೈದು ವರ್ಷ ಆ ಆಸ್ಪತ್ರೆಯಲ್ಲಿ ಕೂಲಿಯಾಳಾಗಿ ದುಡಿದರು. ಅಡಿಗೆ ಮಾಡಿದರು, ಬಟ್ಟೆ ಒಗೆದರು, ನೆಲ ಒರೆಸಿದರು. ಅಗತ್ಯ ಬಿದ್ದಾಗ ದಾದಿಯರಿಗೆ ಕೈನೆರವಾದರು. ಆ ನೆಲದ ಮೇಲೆ ನಡೆದಾಡುತ್ತಿದ್ದ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಲಿಂಡಾ ರಿಚರ್ಡ್ಸ್ 1873ರಲ್ಲಿ ಪದವಿ ಪಡೆದು ಅಮೆರಿಕದ ಮೊದಲ ತರಬೇತಾದ ದಾದಿ ಎನಿಸಿದರು. ಮೇರಿ ಇನ್ನೂ ಐದು ವರ್ಷ ಕಾಯಬೇಕಾಯಿತು. ಹೊರಗಿನವರ ಕಣ್ಣಿಗೆ ಅವರು ಒಬ್ಬ ಕೆಲಸದವಳು. ಆಕೆಯೊಳಗೆ ಒಬ್ಬ ದಾದಿ ಅಡಗಿದ್ದಾಳೆಂದು ಯಾರಿಗೂ ಹೊಳೆದಿರಲಾರದು, ಅಥವಾ ಹೊಳೆದರೂ ಹೇಳುವ ಧೈರ್ಯ ಬಂದಿರಲಾರದು. ಹದಿನೆಂಟರ ಹರೆಯದಿಂದ ಮೂವತ್ತಮೂರರವರೆಗಿನ ವರ್ಷಗಳು ಮನುಷ್ಯನು ವೃತ್ತಿಯನ್ನು ಕಲಿತು ನೆಲೆಗೊಳ್ಳಬೇಕಾದ ವರ್ಷಗಳು. ಅವು ಒಗೆಯುವ ಕಲ್ಲಿನ ಮೇಲೆ ಕಳೆದವು. ಈ ನಷ್ಟವನ್ನು ಸಹನೆಯ ಹೆಸರಿನಲ್ಲಿ ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ.

ಹದಿನಾರು ತಿಂಗಳ ತಪಸ್ಸು

1878ರಲ್ಲಿ ಮೇರಿಗೆ ಪ್ರವೇಶ ದೊರೆಯಿತು. ತರಬೇತಿಯ ಅವಧಿ ಹದಿನಾರು ತಿಂಗಳು. ಬೆಳಗಿನ ಐದೂವರೆಯಿಂದ ರಾತ್ರಿ ಒಂಬತ್ತೂವರೆಯವರೆಗೆ ಕೆಲಸ. ವೈದ್ಯಕೀಯ, ಶಸ್ತ್ರಚಿಕಿತ್ಸಾ ಮತ್ತು ಹೆರಿಗೆ ವಾರ್ಡುಗಳಲ್ಲಿ ಸರದಿಯ ಪ್ರಕಾರ ಸೇವೆ, ನಡುವೆ ವೈದ್ಯರ ಉಪನ್ಯಾಸಗಳು. ಒಬ್ಬ ವಿದ್ಯಾರ್ಥಿನಿಗೆ ಆರು ರೋಗಿಗಳ ಹೊಣೆ. ಕೈಗೆ ಸಿಗುತ್ತಿದ್ದುದು ವಾರಕ್ಕೆ ಒಂದರಿಂದ ನಾಲ್ಕು ಡಾಲರಿನಷ್ಟು ಅಲ್ಪ ಭತ್ಯೆ. ಕೊನೆಯ ನಾಲ್ಕು ತಿಂಗಳು ರೋಗಿಗಳ ಮನೆಗಳಲ್ಲಿದ್ದು ಶುಶ್ರೂಷೆ ಮಾಡಬೇಕಾಗಿತ್ತು.

ಮೇರಿಯದು ಗಿಡ್ಡ ಮೈಕಟ್ಟು. ಎತ್ತರ ಸುಮಾರು ಐದು ಅಡಿ, ತೂಕವೂ ಕಡಿಮೆ. ಸುಮಾರು ನಲವತ್ತು ಮಂದಿ ಸೇರಿದ್ದ ಆ ತಂಡದಲ್ಲಿ ಕೊನೆಯವರೆಗೆ ಉಳಿದವರು ಬೆರಳೆಣಿಕೆಯಷ್ಟು ಮಂದಿ. 1879ರ ಆಗಸ್ಟ್ 1ರಂದು ಮೇರಿ ಅವರಲ್ಲಿ ಒಬ್ಬರಾಗಿ ಪದವಿ ಪಡೆದರು. ಅವರು ಶಾಲೆಯ ಗೌರವಕ್ಕೆ ಕುಂದು ತರಲಿಲ್ಲ. ಮುಂದಿನ ವರ್ಷಗಳಲ್ಲಿ ಕಪ್ಪು ಜನಾಂಗದ ಇನ್ನೂ ಕೆಲವು ಯುವತಿಯರಿಗೆ ಅಲ್ಲಿ ಪ್ರವೇಶ ದೊರೆಯಿತು.

ಮನೆಮನೆಯ ಸೇವೆ

ಪದವಿ ಬಂದಿತೇನೋ ನಿಜ, ಆದರೆ ಆಸ್ಪತ್ರೆಗಳಲ್ಲಿ ಕಪ್ಪು ದಾದಿಯರಿಗೆ ಹುದ್ದೆಗಳಿರಲಿಲ್ಲ. ಆದುದರಿಂದ ಮೇರಿ ಖಾಸಗಿ ದಾದಿಯಾಗಿ ಮನೆಗಳಲ್ಲಿದ್ದು ರೋಗಿಗಳನ್ನು ನೋಡಿಕೊಂಡರು. ಸುಮಾರು ನಾಲ್ಕು ದಶಕಗಳ ಕಾಲ ಇದೇ ಅವರ ವೃತ್ತಿ. ಅವರ ತಾಳ್ಮೆ, ಚುರುಕುತನ ಮತ್ತು ಶಿಸ್ತಿನ ಕೀರ್ತಿ ಹಬ್ಬಿ, ಮಸಾಚುಸೆಟ್ಸಿನ ಹೊರಗಿನ ರಾಜ್ಯಗಳಿಂದಲೂ ಕರೆ ಬರುತ್ತಿತ್ತು.

ಆ ಕಾಲದ ಶ್ರೀಮಂತ ಮನೆಗಳು ಕಪ್ಪು ದಾದಿಯನ್ನು ಆಳಿನ ಸ್ಥಾನದಲ್ಲಿ ಕಾಣುತ್ತಿದ್ದವು. ಶುಶ್ರೂಷೆಯ ಜೊತೆಗೆ ಮನೆಗೆಲಸವನ್ನೂ ನಿರೀಕ್ಷಿಸುತ್ತಿದ್ದವು. ಮೇರಿಯವರು ಆಳುಗಳ ಪಂಕ್ತಿಯಲ್ಲಿ ಊಟಕ್ಕೆ ಕೂರದೆ ಅಡಿಗೆಮನೆಯಲ್ಲಿ ಒಬ್ಬರೇ ಉಣ್ಣುತ್ತಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಗರ್ವವೆಂದು ತಿಳಿಯಬಾರದು. ಅವರೇ ಹದಿನೈದು ವರ್ಷ ಕೂಲಿಯಾಳಾಗಿದ್ದವರು. ಆ ದುಡಿಮೆಯ ಬೆಲೆ ಅವರಿಗೆ ತಿಳಿದಿತ್ತು. ತಾನು ಆ ಮನೆಗೆ ಬಂದಿರುವುದು ಕಲಿತ ವೃತ್ತಿಯೊಂದರ ಪ್ರತಿನಿಧಿಯಾಗಿ ಎಂಬುದನ್ನು ಮಾತಿಲ್ಲದೆ ತಿಳಿಸುವ ರೀತಿ ಅದು. ತನ್ನ ಹಿಂದೆ ಬರುವ ಯುವತಿಯರ ಮಾನ ತನ್ನ ನಡತೆಯನ್ನು ಅವಲಂಬಿಸಿದೆ ಎಂಬ ಅರಿವು ಅದರಲ್ಲಿತ್ತು.

ಕಿರಿಯರಿಗೆ ಹಿರಿಯಕ್ಕ

ನಮ್ಮ ಎರಡನೆಯ ಪ್ರಶ್ನೆಯ ಉತ್ತರ ಮೇರಿಯವರ ಬದುಕಿನ ಉತ್ತರಾರ್ಧದಲ್ಲಿದೆ. ದೇಶದ ದಾದಿಯರ ಪ್ರಮುಖ ಸಂಘ 1896ರಲ್ಲಿ ರೂಪುಗೊಂಡಾಗ ಅದನ್ನು ಸೇರಿದ ಕೆಲವೇ ಕಪ್ಪು ದಾದಿಯರಲ್ಲಿ ಮೇರಿಯವರೂ ಒಬ್ಬರು. ಕಾಲಕ್ರಮದಲ್ಲಿ ಸದಸ್ಯತ್ವ ಪಡೆಯುವ ದಾರಿ ರಾಜ್ಯ ಸಂಘಗಳ ಮೂಲಕ ಹಾದುಹೋಯಿತು. ದಕ್ಷಿಣದ ರಾಜ್ಯಗಳು ಕಪ್ಪು ದಾದಿಯರನ್ನು ಹೊರಗಿಟ್ಟವು. ಕನೆಕ್ಟಿಕಟ್ ರಾಜ್ಯದ ಮಾರ್ಥಾ ಫ್ರಾಂಕ್ಲಿನ್ ಎಂಬ ದಾದಿ ತಾವೇ ಕುಳಿತು ದೇಶದಾದ್ಯಂತದ ಕಪ್ಪು ದಾದಿಯರಿಗೆ ಸುಮಾರು 1,500 ಪತ್ರಗಳನ್ನು ಬರೆದರು. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯ ಅಡಾ ಥಾಮ್ಸ್ ಅತಿಥೇಯರಾದರು. 1908ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ 52 ಮಂದಿ ಸೇರಿ ಕಪ್ಪು ಜನಾಂಗದ ಪದವೀಧರ ದಾದಿಯರ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಮೇರಿ ಆ ಪ್ರಯತ್ನಕ್ಕೆ ಬೆನ್ನೆಲುಬಾಗಿ ನಿಂತರು.

ಮರುವರ್ಷ, 1909ರಲ್ಲಿ, ಸಂಘದ ಮೊದಲ ಸಮ್ಮೇಳನ ಬಾಸ್ಟನ್ನಿನಲ್ಲಿ ನಡೆಯಿತು. ಸ್ವಾಗತ ಭಾಷಣ ಮಾಡಿದವರು ಅರವತ್ತನಾಲ್ಕರ ಮೇರಿ ಮಹೋನಿ. ದಾದಿಯರ ಶಿಕ್ಷಣದಲ್ಲಿರುವ ಅಸಮಾನತೆಯನ್ನು ಅವರು ಎತ್ತಿ ತೋರಿಸಿದರು. ತಾವು ಕಲಿತ ಶಾಲೆಯೇ ಇನ್ನೂ ಹೆಚ್ಚು ಕಪ್ಪು ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳಬೇಕೆಂದು ಒತ್ತಾಯಿಸಿದರು. ತನಗೆ ಉಪಕಾರ ಮಾಡಿದ ಸಂಸ್ಥೆಯ ಕೊರತೆಯನ್ನು ಹೇಳಲು ಕೃತಜ್ಞತೆ ಅಡ್ಡಿಯಾಗಬೇಕಿಲ್ಲ ಎಂಬುದು ಅವರ ನಿಲುವಾಗಿತ್ತು.

ಸಮ್ಮೇಳನವು ಅವರನ್ನು ಸಂಘದ ಪ್ರಾರ್ಥನಾ ಹೊಣೆಗಾರ್ತಿಯಾಗಿ ಆರಿಸಿತು. ಮೇರಿ ಬ್ಯಾಪ್ಟಿಸ್ಟ್ ಸಭೆಯ ನಿಷ್ಠಾವಂತ ವಿಶ್ವಾಸಿ. ಸಭೆಗಳನ್ನು ಪ್ರಾರ್ಥನೆಯೊಂದಿಗೆ ಆರಂಭಿಸುವುದರ ಜೊತೆಗೆ ಇನ್ನೊಂದು ಕರ್ತವ್ಯವೂ ಈ ಹುದ್ದೆಗೆ ಸೇರಿತ್ತು: ಹೊಸದಾಗಿ ಆಯ್ಕೆಯಾದ ಪದಾಧಿಕಾರಿಗಳಿಗೆ ಅಧಿಕಾರ ವಹಿಸಿಕೊಟ್ಟು ಅವರ ಹೊಣೆಯನ್ನು ತಿಳಿಹೇಳುವುದು. ಎಂಥ ಅರ್ಥಪೂರ್ಣ ಹುದ್ದೆ! ತನ್ನ ಕೈಹಿಡಿಯುವ ಹಿರಿಯಕ್ಕನಿಲ್ಲದೆ ಬಂದಿದ್ದ ಹೆಣ್ಣುಮಗಳು ಈಗ ವರ್ಷ ವರ್ಷವೂ ಕಿರಿಯರ ಮುಂದೆ ನಿಂತು, ಅವರನ್ನು ಕರ್ತವ್ಯಕ್ಕೆ ಒಪ್ಪಿಸಿಕೊಡುತ್ತಿದ್ದರು. ರಾಷ್ಟ್ರೀಯ ಸಮ್ಮೇಳನಗಳನ್ನು ಅವರು ತಪ್ಪಿಸುತ್ತಿದ್ದುದು ಅಪರೂಪ. ಸಂಘವು ಅವರಿಗೆ ಶುಲ್ಕವಿಲ್ಲದ ಆಜೀವ ಸದಸ್ಯತ್ವ ನೀಡಿ ಗೌರವಿಸಿತು. 1911ರಿಂದ ಸ್ವಲ್ಪ ಕಾಲ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಕಪ್ಪು ಮಕ್ಕಳ ಹವರ್ಡ್ ಅನಾಥಾಲಯವನ್ನೂ ಅವರು ನಡೆಸಿದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಅಡಾ ಥಾಮ್ಸ್ ಕಪ್ಪು ದಾದಿಯರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬೇಕೆಂದು ಹೋರಾಡಿದರು. ಯುದ್ಧ ಮುಗಿದ ಮೇಲೆ, 1918ರ ಕೊನೆಯಲ್ಲಿ, ಇನ್‌ಫ್ಲುಯೆಂಜಾ ಮಾರಿ ದೇಶವನ್ನು ಕಾಡುತ್ತಿದ್ದಾಗ ಕೆಲವೇ ಮಂದಿಗೆ ಒಹಾಯೊ ಮತ್ತು ಇಲಿನಾಯ್ ರಾಜ್ಯಗಳ ಸೈನಿಕ ಶಿಬಿರಗಳಲ್ಲಿ ಅವಕಾಶ ದೊರೆಯಿತು.

ಕೊನೆಯ ದಿನಗಳು

1920ರಲ್ಲಿ ಅಮೆರಿಕದ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆತಾಗ, ಬಾಸ್ಟನ್ನಿನಲ್ಲಿ ಮೊದಮೊದಲು ಹೆಸರು ನೋಂದಾಯಿಸಿಕೊಂಡವರಲ್ಲಿ ಎಪ್ಪತ್ತೈದರ ಮೇರಿಯೂ ಇದ್ದರು. 1923ರಲ್ಲಿ ಅವರಿಗೆ ಸ್ತನದ ಅರ್ಬುದ ರೋಗ ಕಾಣಿಸಿಕೊಂಡಿತು. ಮೂರು ವರ್ಷ ನರಳಿ, 1926ರ ಜನವರಿ 4ರಂದು ಅವರು ಕಣ್ಣುಮುಚ್ಚಿದರು. ಕೊನೆಯುಸಿರೆಳೆದುದು ಅದೇ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ. ನೆಲ ಒರೆಸಲು ಕಾಲಿಟ್ಟಿದ್ದ ಕಟ್ಟಡಗಳ ಸಂಸ್ಥೆಯಲ್ಲಿ ಅವರು ರೋಗಿಯಾಗಿ, ದಾದಿಯರ ಆರೈಕೆಯಲ್ಲಿ ತೀರಿಕೊಂಡರು. ಅವರು ಮದುವೆಯಾಗಿರಲಿಲ್ಲ. ಬಾಸ್ಟನ್ ಸಮೀಪದ ಎವರೆಟ್ಟಿನ ವುಡ್‌ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಕಪ್ಪು ದಾದಿಯರ ಸಂಘ 1936ರಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಅದನ್ನು ಮೊದಲು ಪಡೆದವರು ಅಡಾ ಥಾಮ್ಸ್. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವು ಕಪ್ಪು ದಾದಿಯರ ಸಂಖ್ಯೆಗೆ ಹಾಕಿದ್ದ ಮಿತಿಯ ವಿರುದ್ಧ ಸಂಘದ ಮೇಬಲ್ ಸ್ಟಾಪರ್ಸ್ ದಣಿವಿಲ್ಲದೆ ಹೋರಾಡಿದರು. 1945ರ ಜನವರಿಯಲ್ಲಿ ಆ ಮಿತಿ ಬಿದ್ದುಹೋಯಿತು. 1948ರಲ್ಲಿ ಅಮೆರಿಕದ ದಾದಿಯರ ಸಂಘವು ರಾಜ್ಯ ಸಂಘಗಳು ಹೊರಗಿಟ್ಟ ಕಪ್ಪು ದಾದಿಯರಿಗೆ ನೇರ ಸದಸ್ಯತ್ವ ನೀಡಲು ಒಪ್ಪಿತು. 1951ರಲ್ಲಿ, ತಾನು ಹುಟ್ಟಿದ ಉದ್ದೇಶ ನೆರವೇರಿತೆಂದು ಭಾವಿಸಿ, ಕಪ್ಪು ದಾದಿಯರ ಸಂಘ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು.

ಅರಿವಳಿಕೆಯ ಕೊಠಡಿಗೆ

ಆದರೆ ಒಂದು ಬಾಗಿಲು ತೆರೆದಾಗ ಒಳಗೆ ಇನ್ನೊಂದು ಬಾಗಿಲು ಕಾಣಿಸುತ್ತದೆ. ಈಗ ಈಥರಿನ ಕಥೆಗೆ ಮರಳೋಣ.

ನಮ್ಮ ದೇಶದಲ್ಲಿ ಅರಿವಳಿಕೆ ಕೊಡುವುದು ಆ ವಿಷಯದ ತಜ್ಞ ವೈದ್ಯರ ಕೆಲಸ. ಅಮೆರಿಕದಲ್ಲಿ ವಿಶೇಷ ತರಬೇತಿ ಪಡೆದ ದಾದಿಯರೂ ಅದನ್ನು ಮಾಡುತ್ತಾರೆ. ಇದಕ್ಕೆ ಕಾರಣವಿದೆ. ಆರಂಭದ ದಶಕಗಳಲ್ಲಿ ಈಥರಿನ ಬಟ್ಟೆ ಹಿಡಿಯುವ ಕೆಲಸ ಯಾರಾದರೊಬ್ಬ ಎಳೆಯ ವೈದ್ಯನ ಪಾಲಿಗೆ ಬರುತ್ತಿತ್ತು. ಅವನ ಕಣ್ಣು ಶಸ್ತ್ರವೈದ್ಯನ ಕೈಯ ಮೇಲಿರುತ್ತಿತ್ತು, ರೋಗಿಯ ಉಸಿರಿನ ಮೇಲಲ್ಲ. ರೋಗಿಗಳು ಸಾಯುತ್ತಿದ್ದರು. ಪೂರ್ಣ ಗಮನ ಕೊಡಬಲ್ಲ ದಾದಿಯರಿಗೆ ಈ ಹೊಣೆ ವಹಿಸಬಾರದೇಕೆ ಎಂದು ಶಸ್ತ್ರವೈದ್ಯರು ಯೋಚಿಸಿದರು. ಈ ಸೇವೆಯನ್ನೇ ತನ್ನದಾಗಿಸಿಕೊಂಡ ಮೊದಲ ದಾದಿಯೆಂದು ದಾಖಲಾಗಿರುವವರು ಒಬ್ಬ ಕಥೋಲಿಕ ಧರ್ಮಭಗಿನಿ. ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿ 1877ರಲ್ಲಿ ಈ ಕೆಲಸ ಆರಂಭಿಸಿದ ಸಿಸ್ಟರ್ ಮೇರಿ ಬರ್ನಾರ್ಡ್. ಮಿನೆಸೋಟದ ರಾಚೆಸ್ಟರಿನಲ್ಲಿ ಫ್ರಾನ್ಸಿಸ್ಕನ್ ಭಗಿನಿಯರ ಸಂತ ಮೇರಿ ಆಸ್ಪತ್ರೆಯಲ್ಲಿ ಅಲಿಸ್ ಮೆಗಾ ಎಂಬ ದಾದಿ, ಅರಿವಳಿಕೆಯ ಕಾರಣದಿಂದ ಒಂದೂ ಸಾವು ಸಂಭವಿಸದಂತೆ 14,000ಕ್ಕೂ ಹೆಚ್ಚು ರೋಗಿಗಳನ್ನು ಪಾರುಮಾಡಿದರು.

ಇಷ್ಟು ಪವಿತ್ರವಾದ ಈ ಸೇವೆಯ ಬಾಗಿಲೂ ಕಪ್ಪು ದಾದಿಯರಿಗೆ ಮುಚ್ಚಿತ್ತು. 1931ರಲ್ಲಿ ಆರಂಭವಾದ ಅರಿವಳಿಕೆ ದಾದಿಯರ ರಾಷ್ಟ್ರೀಯ ಸಂಘ ತನ್ನ ಮೊದಲ ವರ್ಷಗಳಲ್ಲಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಇಲ್ಲಿ ಮತ್ತೊಮ್ಮೆ ಹಳೆಯ ಕಥೆಯೇ ನಡೆಯಿತು. ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ ಕಪ್ಪು ಯುವತಿಯರಿಗಾಗಿ 1923ರಲ್ಲಿ ಆರಂಭವಾದ ದಾದಿಯರ ಶಾಲೆಯಲ್ಲಿ ಗೋಲ್ಡಿ ಬ್ರಾಂಗ್‌ಮನ್ ಎಂಬ ಯುವತಿ ಕಲಿತರು. ಆಮೇಲೆ ಅರಿವಳಿಕೆಯ ವಿದ್ಯೆಯನ್ನೂ ಗಳಿಸಿದರು. ಕಪ್ಪು ದಾದಿಯರ ಸಂಘ ವಿಸರ್ಜನೆಗೊಂಡ ಅದೇ 1951ರಲ್ಲಿ, ಹಾರ್ಲೆಮ್ ಆಸ್ಪತ್ರೆಯಲ್ಲಿ ಅರಿವಳಿಕೆ ಶಾಲೆಯನ್ನು ಕಟ್ಟುವುದರಲ್ಲಿ ಪಾಲುಗೊಂಡು, ಮುಂದೆ ಅನೇಕ ವರ್ಷ ಅದನ್ನು ನಡೆಸಿದರು.

1958ರ ಸೆಪ್ಟೆಂಬರ್ 20ರಂದು ಹಾರ್ಲೆಮಿನ ಅಂಗಡಿಯೊಂದರಲ್ಲಿ ತಮ್ಮ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಮಾರ್ಟಿನ್ ಲೂಥರ್ ಕಿಂಗರ ಎದೆಗೆ, ಬುದ್ಧಿ ಸ್ವಾಧೀನದಲ್ಲಿಲ್ಲದ ಮಹಿಳೆಯೊಬ್ಬಳು ಕಾಗದ ಕತ್ತರಿಸುವ ಚೂರಿಯಿಂದ ಇರಿದಳು. ಚೂರಿಯ ಮೊನೆ ಮಹಾಧಮನಿಯ ಪಕ್ಕದಲ್ಲಿ ನಿಂತಿತ್ತು. ಹಾರ್ಲೆಮ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಅದನ್ನು ಹೊರತೆಗೆಯುತ್ತಿದ್ದಾಗ, ರೋಗಿಯ ತಲೆಯ ಬಳಿ ನಿಂತು, ಉಸಿರಿನ ಚೀಲವನ್ನು ಕೈಯಿಂದ ಅದುಮುತ್ತಾ ಅವರನ್ನು ಉಸಿರಾಡಿಸಿದವರು ಗೋಲ್ಡಿ ಬ್ರಾಂಗ್‌ಮನ್. ಕಿಂಗರ ಬದುಕಿನ ಮುಂದಿನ ಸುಮಾರು ಹತ್ತು ವರ್ಷಗಳು ಆ ಕೊಠಡಿಯಲ್ಲಿದ್ದವರೆಲ್ಲರ ಕೈಯಿಂದ ಬಂದವು. 1973ರಲ್ಲಿ, ಒಂದು ಕಾಲದಲ್ಲಿ ತನ್ನ ಜನರನ್ನು ಹೊರಗಿಟ್ಟಿದ್ದ ಅರಿವಳಿಕೆ ದಾದಿಯರ ರಾಷ್ಟ್ರೀಯ ಸಂಘಕ್ಕೆ ಬ್ರಾಂಗ್‌ಮನ್ ಅಧ್ಯಕ್ಷೆಯಾದರು. ಆ ಪೀಠದಲ್ಲಿ ಕುಳಿತ ಕಪ್ಪು ಜನಾಂಗದ ಮೊದಲ ವ್ಯಕ್ತಿ ಅವರೇ. ತುಂಬು ಬಾಳು ಬಾಳಿ 2020ರಲ್ಲಿ, 102ರ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಪಾಲಿನ ಕೆಲಸ

ಇಂದು ಅಮೆರಿಕದಲ್ಲಿ ಅರಿವಳಿಕೆ ದಾದಿಯಾಗುವ ದಾರಿ ದೀರ್ಘವಾದುದು. ನೋಂದಾಯಿತ ದಾದಿಯಾಗಿ ತೀವ್ರ ನಿಗಾ ಘಟಕದಲ್ಲಿ ಕನಿಷ್ಠ ಒಂದು ವರ್ಷ ದುಡಿದಿರಬೇಕು. ಬಳಿಕ ಸುಮಾರು ಮೂರು ವರ್ಷಗಳ ಕಠಿಣ ವ್ಯಾಸಂಗ. 2022ರಿಂದ ಈ ವ್ಯಾಸಂಗಕ್ಕೆ ಸೇರುವವರೆಲ್ಲರೂ ಡಾಕ್ಟರೇಟ್ ಮಟ್ಟದಲ್ಲಿಯೇ ಕಲಿಯಬೇಕು. ಯಾವ ಕಾನೂನೂ ಈಗ ಕಪ್ಪು ಹೆಣ್ಣುಮಗಳನ್ನು ತಡೆಯುವುದಿಲ್ಲ. ಆದರೂ ಯಾವ ಘಟಕದಲ್ಲಿ ಅನುಭವ ಪಡೆಯಬೇಕು, ಅರ್ಜಿಯನ್ನು ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದನ್ನು ಮನೆಯಲ್ಲಿ ಹೇಳಿಕೊಡುವವರಿಲ್ಲದ ಹುಡುಗಿಗೆ, ತೆರೆದ ಬಾಗಿಲೂ ಗೋಡೆಯಂತೆಯೇ ಕಾಣುತ್ತದೆ. ಅದಕ್ಕಾಗಿಯೇ ಈ ವೃತ್ತಿಯ ಹಿರಿಯ ಕಪ್ಪು ದಾದಿಯರು ತಮ್ಮ ಬಿಡುವಿನ ವೇಳೆಯನ್ನು ಕಿರಿಯರಿಗೆ ದಾರಿ ತೋರಿಸಲು ಮೀಸಲಿಡುತ್ತಾರೆ. ಮೇರಿ ಮಹೋನಿ ಹದಿನೈದು ವರ್ಷ ಕಾದರು. ಮತ್ತೊಬ್ಬಳು ಅಷ್ಟು ಕಾಯಬಾರದೆಂಬುದೇ ಅವರ ಉದ್ದೇಶ.

ನಮ್ಮ ಕಥೋಲಿಕ ಕುಟುಂಬಗಳಿಗೆ ಈ ವೃತ್ತಿ ಅಪರಿಚಿತವಲ್ಲ. ಮಗಳೋ ಸೊಸೆಯೋ ಅತ್ತಿಗೆಯೋ ದಾದಿಯಾಗಿ ಊರಿನಲ್ಲಿಯೋ ಕೊಲ್ಲಿ ದೇಶದಲ್ಲಿಯೋ ದುಡಿಯುತ್ತಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ. ಅವರು ಕಳುಹಿಸಿದ ಹಣದಿಂದ ಮನೆಗಳು ಎದ್ದಿವೆ, ತಮ್ಮಂದಿರ ಓದು ಮುಗಿದಿದೆ. ಅದು ದೊಡ್ಡ ಉಪಕಾರ. ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಇನ್ನೊಂದು ಉಪಕಾರವೂ ಇದೆ, ಅದಕ್ಕೆ ಹಣ ಬೇಕಾಗಿಲ್ಲ. ರಜೆಯ ಮೇಲೆ ಊರಿಗೆ ಬಂದ ದಾದಿಯೊಬ್ಬಳು, ಅದೇ ಧರ್ಮಕೇಂದ್ರದ ಬಡ ಮನೆಯ ಹುಡುಗಿಯೊಬ್ಬಳನ್ನು ಕರೆದು ಒಂದು ಸಂಜೆ ಜೊತೆಗೆ ಕೂರಿಸಿಕೊಳ್ಳಲಿ. ಯಾವ ಕಾಲೇಜು, ಯಾವ ಪರೀಕ್ಷೆ, ಎಷ್ಟು ಶುಲ್ಕ, ಯಾವ ದಾರಿಯಲ್ಲಿ ಮೋಸ, ಯಾವುದರಲ್ಲಿ ಕ್ಷೇಮ ಎಂಬುದನ್ನು ಬಿಡಿಸಿ ಹೇಳಲಿ. ಅವಳ ಅರ್ಜಿಯನ್ನು ಓದಿ ತಿದ್ದಲಿ. ಮುಂದಿನ ರಜೆಯಲ್ಲಿ ಬಂದಾಗ, ಅವಳು ಎಲ್ಲಿಯವರೆಗೆ ಬಂದಳೆಂದು ಮರೆಯದೆ ವಿಚಾರಿಸಲಿ.